ಹತ್ತಿ ಕಟ್ಟಿಗೆಯ ಸೂಕ್ಷ್ಮ ನಾರು: ಗಂಟು ಬಿಡಿಸಲು ಶ್ರವಣಾತೀತ ಧ್ವನಿ

ರಾಮದುರ್ಗ ತಾಲ್ಲೂಕಿನಲ್ಲಿ ಹತ್ತಿ ಬಿಡಿಸಿ ಮುಗಿದ ಮೇಲೆ ಹೊಲದಲ್ಲಿ ಉಳಿಯುವ ಕಟ್ಟಿಗೆ ಒಲೆಗೆ ಹೋಗುತ್ತದೆ, ಇಲ್ಲವೆ ಬದುವಿನ ಮೇಲೆ ಸುಟ್ಟು ಬೂದಿಯಾಗುತ್ತದೆ. ಮಲಪ್ರಭಾ ದಂಡೆಯ ಕಬ್ಬಿನ ಗದ್ದೆಗಳಲ್ಲಿ ರವದಿಗೂ ಹಲವೆಡೆ ಬೆಂಕಿಯೇ ಗತಿ. ಇದೇ ಸೀಮೆಯಲ್ಲಿ ಕಲ್ಲಂಗಡಿ, ಟೊಮೆಟೊ, ಮೆಣಸಿನಕಾಯಿ ಬೆಳೆಯುವವರು ಸಾಲಿನ ಮೇಲೆ ಪ್ಲಾಸ್ಟಿಕ್ ಹೊದಿಕೆ ಹಾಸುತ್ತಾರೆ. ಬೆಳೆ ಮುಗಿದ ಮೇಲೆ ಹರಿದ ಹಾಳೆಯ ಚೂರುಗಳು ಮಣ್ಣಿನಲ್ಲಿ ಸೇರಿ ವರ್ಷಗಟ್ಟಲೆ ಕೊಳೆಯದೆ ಉಳಿಯುತ್ತವೆ, ಕುಂಟೆಗೆ ಸಿಕ್ಕಿಕೊಳ್ಳುತ್ತವೆ. ಸುಟ್ಟು ಹೋಗುವ ನಾರಿನಿಂದ ಮಣ್ಣಿನಲ್ಲಿ ಕೊಳೆಯುವಂಥ ಹಾಳೆಗೆ ಬಲ ಕೊಡಬಹುದೆ? ಕೊಡಬಹುದೆಂದು ಪ್ರಯೋಗಗಳಿಂದ ತಿಳಿದುಬಂದಿದೆ. ಆದರೆ ನಡುವೆ ಒಂದು ದೊಡ್ಡ ಅಡ್ಡಿಯಿದೆ. ಅದು ಗಂಟು.

ನಾರು ಎಷ್ಟು ಸಣ್ಣದು?

ಸಸ್ಯದ ಕೋಶಗಳ ಗೋಡೆಗೆ ಬಲ ಕೊಡುವುದು ಸೆಲ್ಯುಲೋಸ್. ಹತ್ತಿಯ ಎಳೆಯಲ್ಲಿ ಇದು ಶೇಕಡಾ 90ಕ್ಕೂ ಹೆಚ್ಚು. ಕಟ್ಟಿಗೆಯಲ್ಲಿ ಮತ್ತು ಕಬ್ಬಿನ ಸಿಪ್ಪೆಯಲ್ಲಿ ಸುಮಾರು ಇದರ ಅರ್ಧದಷ್ಟು ಮಾತ್ರ ಇರುತ್ತದೆ. ಉಳಿದದ್ದು ಹೆಚ್ಚಾಗಿ ಹೆಮಿಸೆಲ್ಯುಲೋಸ್ ಮತ್ತು ಲಿಗ್ನಿನ್. ಇವನ್ನು ಕ್ಷಾರದಿಂದ ತೊಳೆದು, ಬಿಳಿಚಿಸಿ, ನಂತರ ಪ್ರಬಲ ಗಂಧಕಾಮ್ಲದಿಂದ ಸಂಸ್ಕರಿಸಿದರೆ ಸೆಲ್ಯುಲೋಸಿನ ಅತಿ ಸೂಕ್ಷ್ಮ ಕಡ್ಡಿಗಳು ಸಿಗುತ್ತವೆ. ಹೀಗೆ ಆಮ್ಲದಿಂದ ಸೆಲ್ಯುಲೋಸನ್ನು ಸೂಕ್ಷ್ಮ ಕಣಗಳನ್ನಾಗಿ ಒಡೆಯುವುದನ್ನು ಸ್ವೀಡನ್ನಿನ ರಾನ್ಬಿ ಎಂಬ ವಿಜ್ಞಾನಿ 1949ರಲ್ಲಿಯೇ ತೋರಿಸಿದ್ದರು. ಭಾರತದಲ್ಲಿ, 1924ರಲ್ಲಿ ಆರಂಭವಾದ ಮುಂಬಯಿಯ ಕೇಂದ್ರೀಯ ಹತ್ತಿ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯು ನ್ಯಾನೋ ಸೆಲ್ಯುಲೋಸ್ ತಯಾರಿಸುವ ಪ್ರಾಯೋಗಿಕ ಘಟಕವನ್ನು ಸ್ಥಾಪಿಸಿದೆ.

ಒಂದು ಮಿಲಿಮೀಟರಿನಲ್ಲಿ 10 ಲಕ್ಷ ನ್ಯಾನೋಮೀಟರುಗಳಿವೆ. ಈ ಕಡ್ಡಿಗಳ ದಪ್ಪ ಸುಮಾರು 5ರಿಂದ 20 ನ್ಯಾನೋಮೀಟರು, ಉದ್ದ ಕೆಲವು ನೂರು ನ್ಯಾನೋಮೀಟರು. ಪಾಲಿಮರ್ ಎಂದರೆ ಪ್ಲಾಸ್ಟಿಕ್, ರಬ್ಬರ್, ಪಿಷ್ಟಗಳಂಥ ಉದ್ದ ಸರಪಳಿಯ ವಸ್ತು. ಅದರಲ್ಲಿ ತೂಕದ ಶೇಕಡಾ 1ರಿಂದ 5ರಷ್ಟು ಇಂಥ ಕಡ್ಡಿಗಳು ಸಮವಾಗಿ ಹರಡಿದರೂ ಹಾಳೆಯ ಬಿಗಿತ ಹೆಚ್ಚುತ್ತದೆ, ಮಣ್ಣಿನ ಗೋಡೆಗೆ ಹುಲ್ಲು ಕಲಸಿದ ಹಾಗೆ.

ಸಮವಾಗಿ ಹರಡುವುದೇ ಕಷ್ಟ. ಕುದಿಯುವ ನೀರಿಗೆ ಜೋಳದ ಹಿಟ್ಟನ್ನು ಒಮ್ಮೆಲೆ ಸುರಿದರೆ ಅಂಬಲಿ ಗಂಟಾಗುವುದು ಮನೆಮನೆಗೂ ಗೊತ್ತು. ರಾಮದುರ್ಗದ ನೇಕಾರರಿಗೂ ಇದು ಹೊಸದಲ್ಲ. ಗಂಜಿಯಲ್ಲಿ ಗಂಟು ಉಳಿದರೆ ಹಾಸಿನ ಎಳೆ ಮಗ್ಗದಲ್ಲಿ ತೊಡಕಾಗುತ್ತದೆ. ಸೆಲ್ಯುಲೋಸ್ ಕಡ್ಡಿಗಳು ಹೈಡ್ರೋಜನ್ ಬಂಧದಿಂದ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹೊದಿಕೆ ಹಾಳೆಯ ದಪ್ಪ ಸಾಮಾನ್ಯವಾಗಿ 25ರಿಂದ 30 ಮೈಕ್ರಾನ್. ಅದರಲ್ಲಿ 20 ಮೈಕ್ರಾನಿನ ಒಂದು ಗಂಟು ಕುಳಿತರೆ ಹಾಳೆಯ ಬಹುಪಾಲು ದಪ್ಪವನ್ನು ಅದೇ ಆಕ್ರಮಿಸುತ್ತದೆ. ಗಾಳಿಗೆ ಹಾಳೆ ಹರಿಯಲು ಆರಂಭವಾಗುವುದು ಅಲ್ಲಿಂದಲೇ. ಬಲಕ್ಕೆಂದು ಹಾಕಿದ ನಾರು ಹೀಗೆ ದೌರ್ಬಲ್ಯಕ್ಕೆ ಕಾರಣವಾಗುತ್ತದೆ.

ಧ್ವನಿ ಮಾಡುವ ಕೆಲಸ

ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20 ಸಾವಿರ ಕಂಪನಗಳವರೆಗೆ ಮಾತ್ರ ಕೇಳಿಸುತ್ತದೆ. ಅದಕ್ಕೂ ಮೇಲಿನದು ಶ್ರವಣಾತೀತ ಧ್ವನಿ. ಪ್ರಯೋಗಶಾಲೆಯಲ್ಲಿ ಟೈಟಾನಿಯಂ ಲೋಹದ ಕೋಲೊಂದನ್ನು ದ್ರವದಲ್ಲಿ ಮುಳುಗಿಸಿ, ಹೆಚ್ಚಾಗಿ ಸೆಕೆಂಡಿಗೆ 20 ಸಾವಿರ ಸಲ ಕಂಪಿಸುವಂತೆ ಮಾಡುತ್ತಾರೆ. ಕೋಲು ಹಿಂದೆ ಸರಿದಾಗ ದ್ರವದಲ್ಲಿ ಒತ್ತಡ ಕುಸಿದು ಸಣ್ಣ ಗುಳ್ಳೆಗಳು ಏಳುತ್ತವೆ. ಮುಂದೆ ಬಂದಾಗ ಅವು ಒಳಕ್ಕೆ ಕುಸಿದು ಒಡೆಯುತ್ತವೆ. ಒಡೆಯುವ ಕ್ಷಣದಲ್ಲಿ ಗುಳ್ಳೆಯೊಳಗೆ ಸಾವಿರಾರು ಡಿಗ್ರಿ ಶಾಖ, ನೂರಾರು ವಾಯುಭಾರದ ಒತ್ತಡ ಉಂಟಾಗುತ್ತದೆ. ಆಗ ಚಿಮ್ಮುವ ದ್ರವದ ಹೊಡೆತಕ್ಕೆ ಗಂಟು ಬಿಡಿಬಿಡಿಯಾಗುತ್ತದೆ.

ಗುಳ್ಳೆಯ ಈ ಬಲವನ್ನು ಹೊಳೆಯಿಂದ ನೀರೆತ್ತುವ ರೈತರು ಬೇರೆ ರೂಪದಲ್ಲಿ ಕಂಡಿದ್ದಾರೆ. ಪಂಪನ್ನು ನೀರಿನ ಮಟ್ಟದಿಂದ ಬಹಳ ಮೇಲೆ ಕೂರಿಸಿದಾಗ ಒಳಗೆ ಗರಸು ಉರುಳಿದಂಥ ಸದ್ದು ಬರುತ್ತದೆ. ಬಿಚ್ಚಿ ನೋಡಿದರೆ ಇಂಪೆಲ್ಲರ್ ತಿಂದುಹೋದಂತೆ ಕುಳಿಕುಳಿಯಾಗಿರುತ್ತದೆ. ಅಲ್ಲಿಯೂ ಲೋಹವನ್ನು ಕೊರೆದದ್ದು ಗುಳ್ಳೆಗಳೇ. ಹಡಗಿನ ಪ್ರೊಪೆಲರ್ ಹೀಗೆ ಸವೆಯುವುದನ್ನು ಕುರಿತು ಇಂಗ್ಲೆಂಡಿನ ರ‍್ಯಾಲೆ 1917ರಲ್ಲಿ ಗುಳ್ಳೆ ಕುಸಿಯುವಾಗಿನ ಒತ್ತಡವನ್ನು ಲೆಕ್ಕ ಹಾಕಿದರು. ಪಂಪಿಗೆ ಶತ್ರುವಾದದ್ದು ಇಲ್ಲಿ ಆಳಾಗಿ ದುಡಿಯುತ್ತದೆ.

ಆದರೆ ಮಿತಿ ಬೇಕು. ಹೆಚ್ಚು ಹೊತ್ತು ನಡೆಸಿದರೆ ಕಡ್ಡಿಗಳೇ ತುಂಡಾಗುತ್ತವೆ, ಪಾಲಿಮರಿನ ಸರಪಳಿಯೂ ಕಡಿಯುತ್ತದೆ. ದ್ರವ ಬೇಗ ಕಾಯುವುದರಿಂದ ಪಾತ್ರೆಯನ್ನು ಮಂಜುಗಡ್ಡೆಯಲ್ಲಿಟ್ಟು, ಕೆಲವು ಸೆಕೆಂಡು ನಡೆಸಿ ಕೆಲವು ಸೆಕೆಂಡು ನಿಲ್ಲಿಸುತ್ತಾರೆ. ಕೋಲಿನ ತುದಿಯೂ ಸವೆದು ಲೋಹದ ಕಣಗಳು ದ್ರವಕ್ಕೆ ಸೇರುತ್ತವೆ, ಅವನ್ನು ಬೇರ್ಪಡಿಸಬೇಕು. ಗುಳ್ಳೆಗಳ ಕೆಲಸ ಕೋಲಿನ ತುದಿಯ ಹತ್ತಿರಕ್ಕೇ ಸೀಮಿತ. ಹೆಚ್ಚು ಪ್ರಮಾಣಕ್ಕೆ ದ್ರವವನ್ನು ಕೊಳವೆಯ ಮೂಲಕ ಆ ತುದಿಯ ಮುಂದೆ ಹಾಯಿಸುತ್ತ ಇರಬೇಕಾಗುತ್ತದೆ. ವಿದ್ಯುತ್ ಖರ್ಚು ಅಲ್ಪವಲ್ಲ.

ಇನ್ನೊಂದು ತೊಡಕು ಒಣಗಿಸುವುದರಲ್ಲಿದೆ. ಬಿಡಿಯಾದ ನಾರನ್ನು ಒಮ್ಮೆ ಪೂರ್ತಿ ಒಣಗಿಸಿದರೆ ಮತ್ತೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಆಮೇಲೆ ನೀರು ಹಾಕಿದರೂ ಮೊದಲಿನಂತೆ ಬಿಡುವುದಿಲ್ಲ. ಆದ್ದರಿಂದ ಹಸಿಯಾಗಿರುವಾಗಲೇ ಪಾಲಿಮರ್ ಜೊತೆ ಸೇರಿಸುವುದು ಲೇಸು. ನೀರಿಗೆ ಒಗ್ಗುವ ಪಿಷ್ಟ, ಪಾಲಿವಿನೈಲ್ ಆಲ್ಕೊಹಾಲ್‌ಗಳ ಜೊತೆ ಇದು ಸುಲಭ. 1995ರಲ್ಲಿ ಫ್ರಾನ್ಸಿನ ಗ್ರೆನೋಬಲ್ ವಿಜ್ಞಾನಿಗಳು ನೀರಿನಲ್ಲಿ ತೇಲುವ ಲೇಟೆಕ್ಸಿಗೆ ಇಂಥ ಕಡ್ಡಿಗಳನ್ನು ಸೇರಿಸಿ ಬಲ ಹೆಚ್ಚಿಸಿ ತೋರಿಸಿದರು. ಈಗಿನ ಹೊದಿಕೆಯ ಪಾಲಿಥಿನ್ ಎಣ್ಣೆಯ ಗುಣದ್ದು, ನೀರಿಗೆ ಸೇರದು. ಕಡ್ಡಿಯ ಮೇಲ್ಮೈಯನ್ನು ರಾಸಾಯನಿಕವಾಗಿ ಬದಲಿಸದ ಹೊರತು ಬರೀ ಧ್ವನಿಯಿಂದ ಇವೆರಡನ್ನು ಕೂಡಿಸಲಾಗದು. ಸೇರಿಸಿದರೂ ಪಾಲಿಥಿನ್ ಕೊಳೆಯುವ ವಸ್ತುವಾಗುವುದಿಲ್ಲ. ಪಿಷ್ಟದ ಹಾಳೆಗಾದರೋ ಮಳೆಯಲ್ಲಿ ಮೆತ್ತಗಾಗುವ ದೋಷವಿದೆ. ನಾರು ಅದನ್ನು ಕಡಿಮೆ ಮಾಡುತ್ತದೆ, ಪೂರ್ತಿ ನೀಗಿಸುವುದಿಲ್ಲ.

ರೈತರು ಗಮನಿಸಬೇಕಾದುದು

ಇದಕ್ಕಾಗಿ ಹತ್ತಿ ಕಟ್ಟಿಗೆಯನ್ನು ಬಣವೆ ಒಟ್ಟಿಡುವ ಕಾಲ ಇನ್ನೂ ಬಂದಿಲ್ಲ. ಒಟ್ಟಿಟ್ಟ ಕಟ್ಟಿಗೆಯಲ್ಲಿ ಉಳಿದ ಕಾಯಿಗಳೊಳಗೆ ಗುಲಾಬಿ ಕಾಯಿಕೊರಕ ಅಡಗಿದ್ದು ಮುಂದಿನ ಬೆಳೆಗೆ ದಾಟುತ್ತದೆ. ಕೊನೆಯ ಬಿಡಿ ಮುಗಿದ ಕೂಡಲೆ ಕಟ್ಟಿಗೆ ಕಿತ್ತು, ಯಂತ್ರದಿಂದ ಚೂರು ಮಾಡಿ ಮಣ್ಣಿಗೆ ಸೇರಿಸುವುದು ಅಥವಾ ಗೊಬ್ಬರದ ಗುಂಡಿಗೆ ಹಾಕುವುದು ಸೂಕ್ತ. ಕಬ್ಬಿನ ರವದಿಯನ್ನು ಸುಡದೆ ಕುಳೆ ಬೆಳೆಯ ಸಾಲುಗಳ ನಡುವೆ ಹಾಸಿದರೆ ಅದೇ ಒಳ್ಳೆಯ ಹೊದಿಕೆ, ಪ್ರಯೋಗಶಾಲೆಗೆ ಕಾಯಬೇಕಿಲ್ಲ. ಪ್ಲಾಸ್ಟಿಕ್ ಹಾಳೆ ಹಾಸಿದವರು ಅದು ಚೂರಾಗುವ ಮೊದಲೇ, ಬೆಳೆ ಮುಗಿದ ವಾರದಲ್ಲಿ, ಸಾಲಿನ ತುದಿಯಿಂದ ಸುರುಳಿ ಸುತ್ತಿ ತೆಗೆಯಬೇಕು. "ನ್ಯಾನೋ" ಎಂಬ ಹೆಸರಿನಲ್ಲಿ ಹಾಳೆ ಮಾರಲು ಬಂದವರಿಗೆ ಎರಡು ಪ್ರಶ್ನೆ ಕೇಳಬೇಕು: ಮೂಲ ಪಾಲಿಮರ್ ಯಾವುದು, ಮಣ್ಣಿನಲ್ಲಿ ಎಷ್ಟು ತಿಂಗಳಲ್ಲಿ ಕೊಳೆಯುತ್ತದೆಂಬ ಪರೀಕ್ಷಾ ವರದಿ ಇದೆಯೆ?