ಅಗೂಟಿ: ಬೀಜ ಕದಿಯುವ ಕಾಡಿನ ತೋಟಗಾರ

ಒಣಹಣ್ಣುಗಳ ಅಂಗಡಿಯಲ್ಲಿ ಬಾದಾಮಿ, ಗೋಡಂಬಿಗಳ ಪಕ್ಕದಲ್ಲಿ ‘ಬ್ರೆಜಿಲ್ ನಟ್’ ಎಂಬ ದಪ್ಪನೆಯ ಬೀಜವನ್ನು ನೀವು ಕಂಡಿರಬಹುದು. ಅದು ಬಹುಮಟ್ಟಿಗೆ ತೋಟದ ಬೆಳೆಯಲ್ಲ. ಬೊಲಿವಿಯಾ, ಬ್ರೆಜಿಲ್, ಪೆರು ದೇಶಗಳ ಅಮೆಜಾನ್ ಕಾಡಿನ ನೆಲದಿಂದ ಆಯ್ದು ತಂದದ್ದು. ಆ ಮರ ಕಾಡಿನಲ್ಲಿ ಮರುಹುಟ್ಟು ಪಡೆಯುವುದಾದರೂ ಹೇಗೆ? ಉತ್ತರ ಮೊಲದ ಗಾತ್ರದ ಒಂದು ದಂಶಕ ಪ್ರಾಣಿಯ ಬಾಚಿಹಲ್ಲುಗಳಲ್ಲಿದೆ. ಅದರ ಹೆಸರು ಅಗೂಟಿ.

ತೆಳುವಾದ ಉದ್ದ ಕಾಲುಗಳು, ಹೊಳೆಯುವ ಕಂದು ರೋಮ, ಇದೆಯೋ ಇಲ್ಲವೋ ಎನ್ನುವಂತಹ ಬಾಲ. ಹಿಂಗಾಲುಗಳ ಮೇಲೆ ಕುಳಿತು, ಮುಂಗಾಲುಗಳಲ್ಲಿ ಹಣ್ಣು ಹಿಡಿದು ತಿನ್ನುವ ಭಂಗಿಯಲ್ಲಿ ನಮ್ಮ ಅಳಿಲು ನೆನಪಾಗುತ್ತದೆ. ಆದರೆ ಇದರ ಹತ್ತಿರದ ಬಂಧುಗಳು ಗಿನಿ ಹಂದಿ, ಕ್ಯಾಪಿಬಾರ ಮತ್ತು ಪಾಕ. ಮೆಕ್ಸಿಕೋದಿಂದ ದಕ್ಷಿಣ ಅಮೆರಿಕದವರೆಗೆ ಇದರ ಹಲವು ಪ್ರಭೇದಗಳು ಹಬ್ಬಿವೆ. ಮರಿಗಳು ಕಣ್ಣು ತೆರೆದುಕೊಂಡೇ ಹುಟ್ಟಿ, ಬಹುಬೇಗ ಓಡಾಡತೊಡಗುತ್ತವೆ.

ಅಗೂಟಿ ಹಗಲಿನ ಜೀವಿಯಾದರೆ, ಮೈಮೇಲೆ ಬಿಳಿ ಚುಕ್ಕೆಗಳ ಸಾಲುಳ್ಳ, ಅದಕ್ಕಿಂತ ದೊಡ್ಡದಾದ ಪಾಕ ರಾತ್ರಿಯ ಸಂಚಾರಿ. ಇದರ ಮಾಂಸಕ್ಕೆ ಎಲ್ಲಿಲ್ಲದ ಬೇಡಿಕೆ. 1985ರಲ್ಲಿ ಬೆಲೀಜ್‌ಗೆ ಭೇಟಿಯಿತ್ತ ಬ್ರಿಟನ್ ರಾಣಿ ಎರಡನೇ ಎಲಿಜಬೆತ್ ಅವರಿಗೂ ಇದನ್ನೇ ಬಡಿಸಲಾಗಿತ್ತು. ರಾಣಿಗೆ ಇಲಿ ತಿನ್ನಿಸಿದರೆಂದು ಲಂಡನ್ನಿನ ಪತ್ರಿಕೆಗಳು ಹುಯಿಲೆಬ್ಬಿಸಿದವು!

ಇರಲಿ, ಬೀಜದ ವಿಷಯಕ್ಕೆ ಬರೋಣ. ಸುಮಾರು 50 ಮೀಟರ್ ಎತ್ತರಕ್ಕೆ ಬೆಳೆಯುವ ಬ್ರೆಜಿಲ್ ನಟ್ ಮರದ ಕಾಯಿ ಮಾಗಲು ಒಂದು ವರ್ಷಕ್ಕೂ ಹೆಚ್ಚು ಕಾಲ ಬೇಕು. ಎರಡು ಕಿಲೋವರೆಗೂ ತೂಗುವ ಈ ಕಾಯಿ ಮಳೆಗಾಲದಲ್ಲಿ ಧೊಪ್ಪನೆ ಬೀಳುತ್ತದೆ. ಕೆಳಗೆ ನಿಂತವರ ಜೀವಕ್ಕೇ ಅಪಾಯ. ತೆಂಗಿನ ಕರಟದಂತಹ ಗಟ್ಟಿ ಕವಚದೊಳಗೆ ಕಿತ್ತಳೆಯ ತೊಳೆಗಳಂತೆ 10ರಿಂದ 25 ಬೀಜಗಳು ಜೋಡಣೆಗೊಂಡಿರುತ್ತವೆ. ಬಿದ್ದರೂ ಈ ಕವಚ ಒಡೆಯದು. ಅದನ್ನು ಕೊರೆದು ತೆರೆಯಬಲ್ಲ ಬೆರಳೆಣಿಕೆಯ ಪ್ರಾಣಿಗಳಲ್ಲಿ ಅಗೂಟಿಯೇ ಮುಖ್ಯವಾದದ್ದು. ಹಸಿವಿಗೆ ಬೇಕಾದಷ್ಟನ್ನು ತಿಂದು, ಉಳಿದವನ್ನು ಕಷ್ಟಕಾಲಕ್ಕೆಂದು ಬೇರೆ ಬೇರೆ ಕಡೆ ಮಣ್ಣಿನಲ್ಲಿ ಹೂತಿಡುತ್ತದೆ. ಮರಳಿ ತೆಗೆಯದೆ ಉಳಿದ ಬೀಜ ಮೊಳಕೆಯೊಡೆಯುತ್ತದೆ.

ಅಗೂಟಿಯ ಮರೆವಿನಿಂದಲೇ ಕಾಡು ಬೆಳೆಯುತ್ತದೆ ಎಂಬುದು ಬಹುಕಾಲದ ನಂಬಿಕೆ. ಅದು ಅರ್ಧಸತ್ಯ. ಪನಾಮಾ ಕಾಲುವೆಗಾಗಿ ನದಿಗೆ ಅಣೆಕಟ್ಟು ಕಟ್ಟಿದಾಗ ರೂಪುಗೊಂಡ ಬಾರೊ ಕೊಲರಾಡೊ ದ್ವೀಪದಲ್ಲಿ ವಿಜ್ಞಾನಿಗಳು ಒಂದು ಜಾತಿಯ ತಾಳೆಯ ಬೀಜಗಳಿಗೆ ಪುಟ್ಟ ರೇಡಿಯೋ ಸಾಧನ ಕಟ್ಟಿ ಬೆನ್ನುಹತ್ತಿದರು. 2012ರಲ್ಲಿ ಪ್ರಕಟವಾದ ಫಲಿತಾಂಶ ಸ್ವಾರಸ್ಯಕರ. ಒಂದು ಅಗೂಟಿ ಹೂತಿಟ್ಟದ್ದನ್ನು ಇನ್ನೊಂದು ಕದ್ದು ಬೇರೆಡೆ ಹೂಳುತ್ತದೆ, ಅಲ್ಲಿಂದ ಮತ್ತೊಂದು! ಒಂದೇ ಬೀಜ 36 ಬಾರಿ ಜಾಗ ಬದಲಿಸಿದ ಉದಾಹರಣೆಯೂ ಇತ್ತು. ಮೂರನೇ ಒಂದು ಭಾಗದಷ್ಟು ಬೀಜಗಳು ಹೀಗೆ ನೂರು ಮೀಟರ್‌ಗಿಂತ ದೂರ ಸಾಗಿದ್ದವು. ಹತ್ತು ಸಾವಿರ ವರ್ಷಗಳಿಗೂ ಹಿಂದೆ ಅಳಿದುಹೋದ, ಆನೆಯನ್ನು ಹೋಲುವ ದೈತ್ಯ ಪ್ರಾಣಿಗಳು ಹಣ್ಣು ನುಂಗಿ ಬೀಜ ಹರಡುತ್ತಿದ್ದ ಕೆಲಸವನ್ನು ಈಗ ಈ ಪುಟ್ಟ ಕಳ್ಳರೇ ನಡೆಸುತ್ತಿರಬೇಕು ಎಂಬುದು ಸಂಶೋಧಕರ ತರ್ಕ.

ಆದರೆ ಬೇಟೆ ಹೆಚ್ಚಿದಲ್ಲಿ ಈ ಸರಪಳಿ ಸದ್ದಿಲ್ಲದೆ ತುಂಡಾಗುತ್ತದೆ. ಮರಗಳು ನಿಂತೇ ಇರುವುದರಿಂದ ಕಾಡು ಕ್ಷೇಮವೆಂದೇ ತೋರುತ್ತದೆ. ಕೆಳಗೆ ಎಳೆಯ ಸಸಿಗಳು ಮಾತ್ರ ಇರುವುದಿಲ್ಲ. ದಶಕಗಳಿಂದ ಕಾಯಿಗಳನ್ನು ಮಿತಿಮೀರಿ ಆಯ್ದ ಅಮೆಜಾನ್ ಪ್ರದೇಶಗಳಲ್ಲಿ ಬ್ರೆಜಿಲ್ ನಟ್‌ನ ಎಳೆಯ ಮರಗಳೇ ವಿರಳವಾಗಿವೆ ಎಂದು 2003ರ ಅಧ್ಯಯನವೊಂದು ಎಚ್ಚರಿಸಿತ್ತು. ಅಗೂಟಿಗಳಲ್ಲೂ ಮೆಕ್ಸಿಕೋದ ಪ್ರಭೇದ ತೀವ್ರ ಅಪಾಯದ ಅಂಚಿನಲ್ಲಿದೆ.

ರಿಯೊ ಡಿ ಜನೈರೊದಲ್ಲಿ ಇದಕ್ಕೆ ಪರಿಹಾರದ ಪ್ರಯತ್ನವೊಂದು ನಡೆದಿದೆ. ಕಾಫಿ ತೋಟಗಳಿಗಾಗಿ ಬೋಳಾಗಿದ್ದ ಟಿಜುಕಾ ಬೆಟ್ಟಗಳಲ್ಲಿ 19ನೇ ಶತಮಾನದಲ್ಲೇ ಮರಗಳನ್ನು ಮರಳಿ ನೆಡಲಾಗಿತ್ತು. ಹಸಿರೇನೋ ಬಂತು, ಅಗೂಟಿ ಬರಲಿಲ್ಲ. 2010ರ ಹೊತ್ತಿಗೆ ಅಲ್ಲಿನ ವಿಶ್ವವಿದ್ಯಾಲಯದ ಸಂಶೋಧಕರು ಅವುಗಳನ್ನು ಹಿಡಿದು ತಂದದ್ದು ದೂರದ ಅರಣ್ಯದಿಂದಲ್ಲ, ನಗರದ ನಡುವೆಯೇ ಇರುವ ಕಾಂಪೊ ಡಿ ಸಾಂಟಾನಾ ಉದ್ಯಾನದಿಂದ. ಪಾರ್ಕಿನಲ್ಲಿ ಜನರ ಕಾಲಡಿ ಓಡಾಡಿಕೊಂಡಿದ್ದ ಈ ಪ್ರಾಣಿಗಳು ಬೆಟ್ಟದ ಕಾಡಿಗೆ ಒಗ್ಗಿಕೊಂಡವು, ಮರಿ ಹಾಕಿದವು. ದೊಡ್ಡ ಬೀಜಗಳನ್ನು ಹೊತ್ತೊಯ್ದು ಹೂಳುವ ಕೆಲಸವೂ ಅಲ್ಲಿ ಮತ್ತೆ ಆರಂಭವಾಗಿದೆ.