ಯೋಧನ ಬುತ್ತಿಗೆ ಅಂಕ ಕೊಡುವವರು ಯಾರು?

ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿಗಳಲ್ಲಿ ನಮ್ಮ ಕುಟುಂಬಗಳು ಅಲ್ಲೊಂದು ಇಲ್ಲೊಂದು ಎಂಬಂತೆ ಚದುರಿಕೊಂಡಿವೆ. ಅವರ ಭೇಟಿಗೆಂದು ಹೊರಟ ದಿನ ಮಧ್ಯಾಹ್ನದ ಊಟ ಯಾವ ಮನೆಯಲ್ಲಿ ಆಗುವುದೆಂಬುದು ನಮಗೇ ತಿಳಿದಿರುವುದಿಲ್ಲ. ಹಾಗೆ ಒಮ್ಮೆ ಬನಹಟ್ಟಿಯ ಒಂದು ಮನೆಗೆ ಕಾಲಿಟ್ಟಾಗ ಪಡಸಾಲೆಯ ತುಂಬ ಬುತ್ತಿಯ ಸಿದ್ಧತೆ ನಡೆದಿತ್ತು. ಸೈನ್ಯದಲ್ಲಿರುವ ಮಗ ರಜೆ ಮುಗಿಸಿ ಮರುದಿನ ಹೊರಡುವವನಿದ್ದ. ಒಲೆಯ ಸುತ್ತ ನಿಲ್ಲಿಸಿ ಗರಿಗರಿಯಾಗಿ ಒಣಗಿಸಿದ ಖಡಕ್ ಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಅಮೀನಗಡದ ಕರದಂಟು. ತಾಯಿ ಒಂದೊಂದನ್ನೇ ಡಬ್ಬಿಗೆ ತುಂಬುತ್ತಿದ್ದರು.

“ಸರಕಾರ ನಿನಗ ಊಟ ಕೊಡೂದಿಲ್ಲೇನಪಾ?” ಎಂದು ನಾವು ಆ ಯುವಕನನ್ನು ಹಾಸ್ಯ ಮಾಡಿದೆವು.

“ಕೊಡತಾರ್ರಿ ಫಾದರ್, ಬೇಕಾದಷ್ಟು ಕೊಡತಾರ. ಆದರ ಮ್ಯಾಲ ಹ್ವಾದ ಮ್ಯಾಲ ಹಸಿವೇ ಆಗೂದಿಲ್ರಿ. ಮುಂದ ಇಟ್ಟಿದ್ದು ಹಂಗ ಇರ್ತೈತ್ರಿ.”

‘ಮ್ಯಾಲ’ ಎಂದರೆ ಹಿಮಾಲಯದ ಮೇಲೆ. ಸಿಯಾಚಿನ್ ಎಂಬ ಹೆಸರು ನಮ್ಮ ಭಾಗದ ಮನೆಮನೆಗೆ ತಲುಪಿದ್ದು 2016ರ ಫೆಬ್ರುವರಿಯಲ್ಲಿ. 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು, ಕುಂದಗೋಳ ತಾಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನ ಅದರಡಿಯಲ್ಲಿದ್ದು ಜೀವಂತವಾಗಿ ಹೊರಬಂದು, ಫೆಬ್ರುವರಿ 11ರಂದು ದಿಲ್ಲಿಯಲ್ಲಿ ಕೊನೆಯುಸಿರೆಳೆದರು. ಹಿಮಕುಸಿತದ ಸುದ್ದಿಯನ್ನು ನಾವೆಲ್ಲ ಓದಿದೆವು. ಆದರೆ ಆ ಎತ್ತರದಲ್ಲಿ ದಿನನಿತ್ಯ ನಡೆಯುವ ಇನ್ನೊಂದು ಸದ್ದಿಲ್ಲದ ಹೋರಾಟವಿದೆ. ಪ್ರಾಣವಾಯು ವಿರಳವಾದಂತೆ ಹಸಿವು ಕುಂದುತ್ತದೆ. ಅದೇ ವೇಳೆಗೆ ಚಳಿಯನ್ನು ತಡೆಯಲು ದೇಹಕ್ಕೆ ಹೆಚ್ಚು ಆಹಾರ ಬೇಕಾಗುತ್ತದೆ. ಹೆಚ್ಚು ಬೇಕಾದಾಗಲೇ ತಿನ್ನಲು ಮನಸ್ಸಿಲ್ಲ. ಲೆಕ್ಕದ ಪುಸ್ತಕದಲ್ಲಿ ಸೈನಿಕನಿಗೆ ಸಾವಿರಾರು ಕ್ಯಾಲೊರಿ ತಲುಪಿರುತ್ತದೆ. ಅವನ ಹೊಟ್ಟೆಗೆ ತಲುಪಿದ್ದು ಅದರ ಅರ್ಧವೂ ಇರಲಿಕ್ಕಿಲ್ಲ.

ತಿನ್ನದ ಆಹಾರ ಯಾರನ್ನೂ ಪೋಷಿಸದು. ಇಷ್ಟು ಸರಳವಾದ ಸತ್ಯವನ್ನು ಕಲಿಯಲು ಸೈನ್ಯಗಳು ದೊಡ್ಡ ಬೆಲೆ ತೆತ್ತಿವೆ. ಮೊದಲ ಮಹಾಯುದ್ಧದಲ್ಲಿ, 1915ರ ಡಿಸೆಂಬರಿನಿಂದ 1916ರ ಏಪ್ರಿಲ್ 29ರವರೆಗೆ, ಇಂದಿನ ಇರಾಕಿನಲ್ಲಿರುವ ಕೂತ್ ಪಟ್ಟಣದಲ್ಲಿ ಬ್ರಿಟಿಷ್-ಭಾರತೀಯ ಸೈನ್ಯ ಮುತ್ತಿಗೆಗೆ ಸಿಕ್ಕಿತು. ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲಘು ಪದಾತಿ ದಳದ ಪೂರ್ವಜರಾದ 103, 110 ಮತ್ತು 117ನೆಯ ಮರಾಠಾ ಪಲ್ಟನ್‌ಗಳು ಅಲ್ಲಿದ್ದವು. ಧಾನ್ಯ ತೀರುತ್ತ ಬಂದಾಗ ಕುದುರೆಗಳನ್ನು ಕೊಂದು ಮಾಂಸ ಹಂಚಲಾಯಿತು. ಬ್ರಿಟಿಷ್ ಸಿಪಾಯಿಗಳು ತಿಂದರು. ಭಾರತೀಯರಲ್ಲಿ ಬಹುಮಂದಿ ಮುಟ್ಟಲಿಲ್ಲ. ತಿನ್ನಬಹುದೆಂದು ಭಾರತದ ಧಾರ್ಮಿಕ ಮುಖಂಡರಿಂದ ಅನುಮತಿ ತರಿಸಿದರೂ, ಊರಿಗೆ ಮರಳಿದ ಮೇಲೆ ಜಾತಿಯವರು ಏನೆಂದಾರೆಂಬ ಅಂಜಿಕೆ ಬಿಡಲಿಲ್ಲ. ಅವರಲ್ಲಿ ಅನೇಕರು ಒಪ್ಪಿದ್ದು ಏಪ್ರಿಲಿನಲ್ಲಿ, ರಕ್ತಪಿತ್ತರೋಗ ಹರಡಿ ಶಕ್ತಿ ಉಡುಗಿದ ಮೇಲೆ. ಅವರನ್ನು ಮೂಢರೆಂದು ಕರೆಯಲು ನಮಗೆ ಮನಸ್ಸು ಬಾರದು. ಮನುಷ್ಯನು ಬಾಯಿಯಿಂದ ಮಾತ್ರವಲ್ಲ, ತನ್ನ ಮನೆ, ಊರು, ನೆನಪು ಎಲ್ಲದರಿಂದಲೂ ಉಣ್ಣುತ್ತಾನೆ.

ಇದಕ್ಕೆ ತದ್ವಿರುದ್ಧವಾದ ಒಂದು ಕತೆಯೂ ಉಂಟು. 1937ರಲ್ಲಿ ಅಮೆರಿಕದ ಸೈನ್ಯದ ಕ್ಯಾಪ್ಟನ್ ಪಾಲ್ ಲೋಗನ್ ಎಂಬುವರು ತುರ್ತು ಸಮಯಕ್ಕೆಂದು ಹರ್ಷಿ ಕಂಪನಿಯಿಂದ ಚಾಕೊಲೇಟ್ ಹಲ್ಲೆ ಮಾಡಿಸಿದರು. ಬಿಸಿಲಿಗೆ ಕರಗಬಾರದು, ಭಾರವಿರಬಾರದು, ಶಕ್ತಿ ತುಂಬಿರಬೇಕು ಎಂಬ ಷರತ್ತುಗಳ ಜೊತೆಗೆ, ರುಚಿ ಬೇಯಿಸಿದ ಆಲೂಗಡ್ಡೆಗಿಂತ ಅಷ್ಟಿಷ್ಟು ಮೇಲಿದ್ದರೆ ಸಾಕು ಎಂಬುದೂ ಒಂದು ಷರತ್ತಾಗಿತ್ತು. ರುಚಿ ಹೆಚ್ಚಾದರೆ ಸಿಪಾಯಿ ಆಪತ್ತು ಬರುವ ಮೊದಲೇ ತಿಂದು ಮುಗಿಸುತ್ತಾನೆಂಬ ಎಣಿಕೆ. ಎಣಿಕೆ ಅತಿಯಾಗಿ ಫಲಿಸಿತು: ಎರಡನೆಯ ಮಹಾಯುದ್ಧದಲ್ಲಿ ಎಷ್ಟೋ ಸಿಪಾಯಿಗಳು ಅದನ್ನು ಎಸೆದುಬಿಟ್ಟರು. ಆಪತ್ತು ಬಂದಾಗ ಕಿಸೆ ಖಾಲಿ!

ರುಚಿಯಿದ್ದರೂ ದಿನವೂ ಅದೇ ಆದರೆ ಬೇಸರ ಬರುವುದೂ ಹೊಸದಲ್ಲ. ಮರುಭೂಮಿಯಲ್ಲಿ ಇಸ್ರಯೇಲರು ಸ್ವರ್ಗದಿಂದ ಬಂದ ಮನ್ನಾವನ್ನೇ ಜರೆದು, ದಾಸ್ಯದ ಈಜಿಪ್ಟಿನ ಮೀನು, ಸೌತೆಕಾಯಿ, ಈರುಳ್ಳಿ, ಬೆಳ್ಳುಳ್ಳಿಗಳನ್ನು ನೆನೆದು ಅತ್ತ ಪ್ರಸಂಗ ನಮ್ಮ ವಾಚಕರಿಗೆ ಗೊತ್ತೇ ಇದೆ.

ಹಾಗಾದರೆ ಯೋಧನ ಬುತ್ತಿ ಚೆನ್ನಾಗಿದೆಯೇ ಇಲ್ಲವೇ ಎಂದು ತೀರ್ಮಾನಿಸುವವರು ಯಾರು? ನಾವು ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಅರಿಸ್ಟಾಟಲನ ರಾಜನೀತಿಯ ಗ್ರಂಥದಲ್ಲಿ ಒಂದು ಮಾತು ನಮ್ಮ ಗಮನ ಸೆಳೆದಿತ್ತು. ಮನೆಯನ್ನು ಕಟ್ಟಿದವನಿಗಿಂತ ಅದರಲ್ಲಿ ವಾಸಿಸುವವನು, ಔತಣವನ್ನು ಅಟ್ಟವನಿಗಿಂತ ಉಂಡ ಅತಿಥಿ ಉತ್ತಮ ತೀರ್ಪುಗಾರನೆಂಬುದು ಅದರ ತಾತ್ಪರ್ಯ. ‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎನ್ನುವ ನಮ್ಮ ಹಿರಿಯರೂ ದೂರ ನಿಂತಿಲ್ಲ. ಆದರೆ ಒಬ್ಬೊಬ್ಬನ ಇಚ್ಛೆ ಒಂದೊಂದು ತೆರನಾದರೆ ಲಕ್ಷಾಂತರ ಮಂದಿಗೆ ಒಂದೇ ಬುತ್ತಿ ಕಟ್ಟುವುದೆಂತು?

ಈ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ನಮ್ಮ ಮೈಸೂರಿನಲ್ಲೇ ನಡೆಯಿತೆಂಬುದು ಬಹಳ ಮಂದಿಗೆ ತಿಳಿಯದು. ನಾಗರಿಕರ ಆಹಾರಕ್ಕಾಗಿ 1950ರಲ್ಲಿ ಅಲ್ಲಿಯ ಚೆಲುವಾಂಬ ಮಹಲಿನಲ್ಲಿ ಸಿ.ಎಫ್.ಟಿ.ಆರ್.ಐ. ಸಂಸ್ಥೆ ತಲೆಯೆತ್ತಿತ್ತು. ಸೈನ್ಯಕ್ಕೆಂದೇ 1961ರಲ್ಲಿ ಅದೇ ನಗರದಲ್ಲಿ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಸ್ಥಾಪನೆಯಾಯಿತು. ಡಿ.ಎಫ್.ಆರ್.ಎಲ್. ಎಂಬ ಹೆಸರಿನಿಂದ ದಶಕಗಳ ಕಾಲ ಅದು ಭೂಸೇನೆ, ನೌಕಾಸೇನೆ, ವಾಯುಸೇನೆಗಳ ಬುತ್ತಿಯನ್ನು ರೂಪಿಸಿತು. 1984ರಲ್ಲಿ ರಾಕೇಶ್ ಶರ್ಮಾರೊಡನೆ ಗಗನಕ್ಕೇರಿದ ಭಾರತೀಯ ತಿನಿಸುಗಳು ಸಿದ್ಧವಾದದ್ದೂ ಮೈಸೂರಿನಲ್ಲಿಯೇ. ಮೊದಲು ಯೋಧರು ಚೀಲದಲ್ಲಿ ಹೊತ್ತದ್ದು ಶಕ್ಕರ್‌ಪಾರಾ, ಪೂರಿ, ಬೆಲ್ಲ, ಹುರಿಗಡಲೆ. ಅವು ಕೆಡುತ್ತಿರಲಿಲ್ಲ, ಆದರೆ ಊಟವೆನಿಸುತ್ತಿರಲಿಲ್ಲ. ಚಪಾತಿ ಬೇಕು, ಪಲ್ಯ ಬೇಕು, ಅನ್ನ ಬೇಕು. ಚಪಾತಿಯಾದರೋ ಎರಡೇ ದಿನಕ್ಕೆ ಬೂಸು ಹಿಡಿಯುತ್ತದೆ. ಸಾರ್ಬಿಕ್ ಆಮ್ಲದ ಅಲ್ಪಾಂಶ ಬೆರೆಸಿ, ಪೊಟ್ಟಣದಲ್ಲಿಟ್ಟ ಮೇಲೆ ಮತ್ತೆ ಕಾಯಿಸಿ, ಅದನ್ನು ತಿಂಗಳುಗಟ್ಟಲೆ ಮೆತ್ತಗೆ ಉಳಿಸುವ ವಿಧಾನವನ್ನು ಅಲ್ಲಿಯ ವಿಜ್ಞಾನಿಗಳು ಕಂಡುಕೊಂಡರು.

ಪಲ್ಯ, ಪುಲಾವ್, ಸಾರುಗಳಿಗೆ ಬೇರೆಯೇ ಉಪಾಯ. ಪಾಲಿಯೆಸ್ಟರ್, ಅಲ್ಯುಮಿನಿಯಂ ಹಾಳೆ, ಪಾಲಿಪ್ರೊಪಿಲೀನ್ ಪದರಗಳನ್ನು ಒಂದಕ್ಕೊಂದು ಅಂಟಿಸಿದ ಚೀಲಕ್ಕೆ ಅಡುಗೆ ತುಂಬಿ, ಗಾಳಿ ತೆಗೆದು, ಬಾಯಿ ಬೆಸೆದು, ಒತ್ತಡದ ಪಾತ್ರೆಯಲ್ಲಿ ಸುಮಾರು 121 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುವುದು. ನಮ್ಮ ಅಡುಗೆಮನೆಯ ಕುಕ್ಕರಿನ ದೊಡ್ಡಣ್ಣ ಎನ್ನಬಹುದು. ತಗಡಿನ ಡಬ್ಬಿಗಿಂತ ಈ ಚೀಲ ಚಪ್ಪಟೆ. ಆದ್ದರಿಂದ ಶಾಖ ನಡುಭಾಗಕ್ಕೆ ಬೇಗ ಮುಟ್ಟುತ್ತದೆ. ಅಂಚಿನ ಅಡುಗೆ ಅತಿಯಾಗಿ ಬೆಂದು ಹಾಳಾಗುವುದಿಲ್ಲ. ಬೆಂಗಳೂರಿನ ಎಂ.ಟಿ.ಆರ್. ಪೊಟ್ಟಣವನ್ನು ಬಿಸಿನೀರಿನಲ್ಲಿಟ್ಟು ಉಣ್ಣುವ ನಮ್ಮ ನಗರವಾಸಿ ಕುಟುಂಬಗಳು ಉಣ್ಣುತ್ತಿರುವುದು ಈ ಸೈನಿಕ ವಿದ್ಯೆಯ ಫಲವನ್ನೇ.

ಇನ್ನು ತೀರ್ಪಿನ ವಿಚಾರ. ಹೊಸ ಅಡುಗೆಯನ್ನು ಚಿಕ್ಕ ಬಟ್ಟಲುಗಳಲ್ಲಿ ಹಾಕಿ, ಹೆಸರಿಲ್ಲದೆ ಬರೀ ಸಂಖ್ಯೆ ಬರೆದು, ಒಬ್ಬರ ಮುಖ ಇನ್ನೊಬ್ಬರಿಗೆ ಕಾಣದಂತೆ ಅಡ್ಡಗಟ್ಟಿದ ಗೂಡುಗಳಲ್ಲಿ ಕೂತವರ ಮುಂದಿಡುತ್ತಾರೆ. ಒಂದಕ್ಕೂ ಇನ್ನೊಂದಕ್ಕೂ ನಡುವೆ ನೀರಿನಿಂದ ಬಾಯಿ ಮುಕ್ಕಳಿಸಬೇಕು. ಬಳಿಕ ಒಂಬತ್ತು ಮೆಟ್ಟಿಲಿನ ಅಳತೆಗೋಲಿನ ಮೇಲೆ ಗುರುತು ಮಾಡಬೇಕು: ‘ಅತ್ಯಂತ ಇಷ್ಟ’ವಾದರೆ 9, ‘ಇಷ್ಟವೂ ಅಲ್ಲ, ಅನಿಷ್ಟವೂ ಅಲ್ಲ’ ಎಂದರೆ 5, ‘ಅತ್ಯಂತ ಅನಿಷ್ಟ’ಕ್ಕೆ 1. ಈ ಅಳತೆಗೋಲು ಹುಟ್ಟಿದ್ದೇ ಸೈನಿಕರ ಊಟಕ್ಕಾಗಿ. ಶಿಕಾಗೋದಲ್ಲಿದ್ದ ಅಮೆರಿಕದ ಸೈನ್ಯದ ಆಹಾರ ಸಂಸ್ಥೆಯಲ್ಲಿ ಡೇವಿಡ್ ಪೆರ್ಯಾಮ್ ಮತ್ತು ಸಂಗಡಿಗರು ಎರಡನೆಯ ಮಹಾಯುದ್ಧದ ನಂತರದ ವರ್ಷಗಳಲ್ಲಿ ಅದನ್ನು ರೂಪಿಸಿದರು. ಮೈಸೂರಿನ ಪ್ರಯೋಗಾಲಯವೂ ಅದನ್ನೇ ಬಳಸಿತು. (ಭಾನುವಾರದ ಪ್ರಬೋಧನೆಗೂ ಇಂಥ ಕಾಗದ ಹಂಚಿದರೆ ನಮಗೆಷ್ಟು ಬಂದೀತೆಂದು ಲೆಕ್ಕ ಹಾಕುವ ಧೈರ್ಯ ನಮಗಿಲ್ಲ.) ಒಮ್ಮೆ ಒಳ್ಳೆಯ ಅಂಕ ಬಂದರೆ ಸಾಲದು. ಅದೇ ತಿನಿಸನ್ನು ಸೆಕೆಯ ಕೋಣೆಯಲ್ಲಿ ತಿಂಗಳುಗಟ್ಟಲೆ ಇಟ್ಟು, ನಡುನಡುವೆ ಹೊರತೆಗೆದು ಮತ್ತೆ ರುಚಿ ನೋಡಬೇಕು. ಹೊಸದಿದ್ದಾಗ 8 ಪಡೆದದ್ದು ಎಣ್ಣೆಯಂಶ ಕಮಟು ಹಿಡಿದು ಆರು ತಿಂಗಳಿಗೆ 5ಕ್ಕೆ ಇಳಿಯಬಹುದು.

ಇಷ್ಟೆಲ್ಲ ಆದ ಮೇಲೆ ತೀರ್ಪು ನಿಶ್ಚಿತವೆಂದು ನಾವೂ ಭಾವಿಸಿದ್ದೆವು. ಹವಾಯಿ ದ್ವೀಪದಲ್ಲಿ 1983ರಲ್ಲಿ ನಡೆದ ಒಂದು ಪರೀಕ್ಷೆಯ ವೃತ್ತಾಂತ ಓದಿದ ಮೇಲೆ ನಮ್ಮ ಅಭಿಪ್ರಾಯ ಬದಲಾಯಿತು. ಅಮೆರಿಕದ ಸೈನಿಕರ ಒಂದು ತುಕಡಿಗೆ ಬಯಲಿನಲ್ಲಿ 34 ದಿನ ಮೂರೂ ಹೊತ್ತು ಆಗ ಹೊಸದಾಗಿದ್ದ ಪೊಟ್ಟಣದ ಊಟವನ್ನೇ ಕೊಟ್ಟರು. ಸೈನಿಕರು ಅಂಕ ಕೊಟ್ಟರು: ಸರಾಸರಿ ಏಳರಷ್ಟು. ಒಳ್ಳೆಯ ಅಂಕವೇ. ಆದರೆ ದಿನಕ್ಕೆ 3,600 ಕ್ಯಾಲೊರಿಯ ಊಟ ಕೈಯಲ್ಲಿದ್ದಾಗ ಅವರು ತಿಂದದ್ದು ಸುಮಾರು 2,200 ಕ್ಯಾಲೊರಿ ಮಾತ್ರ. ತೂಕ ಇಳಿಯಿತು. ಅದೇ ಪೊಟ್ಟಣದ ಊಟವನ್ನು ಎಂ.ಐ.ಟಿ. ಸಂಸ್ಥೆಯ ವಿದ್ಯಾರ್ಥಿಗಳಿಗೆ 45 ದಿನ, ಊಟದ ಕೋಣೆಯಲ್ಲಿ, ತಟ್ಟೆಗೆ ಬಡಿಸಿ ಕೊಟ್ಟಾಗ ಅವರು ದಿನಕ್ಕೆ 3,000 ಕ್ಯಾಲೊರಿಗೂ ಮೀರಿ ತಿಂದರು. ಊಟ ಒಂದೇ. ಮೇಜು, ತಟ್ಟೆ, ಬಿಸಿ, ಎದುರಿಗೆ ಕೂತ ಗೆಳೆಯ, ನಿಗದಿಯಾದ ಊಟದ ಹೊತ್ತು ಇವು ಒಂದೆಡೆ ಇದ್ದವು, ಇನ್ನೊಂದೆಡೆ ಇರಲಿಲ್ಲ.

ಅರಿಸ್ಟಾಟಲನ ಅತಿಥಿ ಔತಣದಲ್ಲಿ ಕೂತು ತೀರ್ಪು ಕೊಟ್ಟವನು. ಅವನನ್ನೇ ಬೆಟ್ಟದ ಕೊಡಿಯಲ್ಲಿ, ಕೈಗವಸು ತೆಗೆದರೆ ಬೆರಳು ಮರಗಟ್ಟುವ ಚಳಿಯಲ್ಲಿ ಕೂರಿಸಿದರೆ ಅವನ ನಾಲಿಗೆ ಬದಲಾಗಲಿಕ್ಕಿಲ್ಲ. ಆದರೆ ಅವನು ಪೊಟ್ಟಣವನ್ನು ಬಿಚ್ಚಲಾರ. ಇಷ್ಟವಾಗುವುದು ಬೇರೆ, ಉಣ್ಣುವುದು ಬೇರೆ ಎಂಬ ಈ ಭೇದ ತತ್ವಶಾಸ್ತ್ರದ ಪಾಠದಲ್ಲಿ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಮೆರಿಕದವರು ಪಾಠ ಕಲಿತು, 1991ರ ಕೊಲ್ಲಿ ಯುದ್ಧದ ದೂರುಗಳ ತರುವಾಯ ಬೆಂಕಿಯಿಲ್ಲದೆ ಊಟ ಬಿಸಿಮಾಡುವ ಪುಟ್ಟ ಚೀಲವನ್ನು ಪೊಟ್ಟಣದೊಳಗೇ ಇಟ್ಟರು. 12 ಬಗೆಯ ಊಟಗಳನ್ನು ಕ್ರಮೇಣ 24ಕ್ಕೆ ಏರಿಸಿದರು. ಸೈನಿಕರು ಉಣ್ಣದೆ ಬಿಟ್ಟದ್ದನ್ನು ಕೈಬಿಟ್ಟರು. ಆದರೂ 2005ರ ಸುಮಾರಿಗೆ ಸೇರಿದ ಚೀಸ್-ತರಕಾರಿಯ ಆಮ್ಲೆಟ್ ಒಂದು, ವಾಂತಿಯ ಹೆಸರಿನೊಡನೆ ಜೋಡಿಸಿದ ಅಡ್ಡಹೆಸರು ಪಡೆದು, ಕೆಲವೇ ವರ್ಷಗಳಲ್ಲಿ ಪಟ್ಟಿಯಿಂದ ಹೊರಬಿತ್ತು. ಅದೂ ಯಾವುದೋ ಗೂಡಿನಲ್ಲಿ ಉತ್ತೀರ್ಣವಾಗಿಯೇ ಬಂದಿರಬೇಕು!

ನಮ್ಮ ಖಡಕ್ ರೊಟ್ಟಿಯನ್ನು ಈ ಒರೆಗಲ್ಲಿಗೆ ಹಚ್ಚಿದರೆ ಹೇಗೆ? ಅಭಿಮಾನ ಬದಿಗಿಟ್ಟೇ ಹೇಳೋಣ. ಕೆಡದಿರುವ ವಿಷಯದಲ್ಲಿ ಅದಕ್ಕೆ ಪೂರ್ಣಾಂಕ. ನೀರಿನಂಶವೇ ಇಲ್ಲದಲ್ಲಿ ಬೂಸು ಬೆಳೆಯದು; ಯಾವ ರಾಸಾಯನಿಕವೂ ಬೇಡ. ಆದರೆ ಜೋಳದಲ್ಲಿ ಗೋಧಿಯ ಜಿಗುಟಿಲ್ಲ. ವಿಮಾನದಿಂದ ಎಸೆದ ಪೆಟ್ಟಿಗೆಯಲ್ಲಿ ಅದು ಪುಡಿಪುಡಿಯಾದೀತು. ಒಣ ರೊಟ್ಟಿ ನೀರು ಕೇಳುತ್ತದೆ. ಹಿಮ ಕರಗಿಸಿ ನೀರು ಮಾಡಿಕೊಳ್ಳುವಲ್ಲಿ ಅದು ಸಣ್ಣ ದೋಷವಲ್ಲ. ಸಜ್ಜೆಯ ಹಿಟ್ಟಂತೂ ಬೇಗ ಕಮಟುತ್ತದೆಂಬುದು ನಮ್ಮ ಹೆಣ್ಣುಮಕ್ಕಳಿಗೆಲ್ಲ ಗೊತ್ತು. ಕರದಂಟಿನ ವಿಷಯ ಬೇರೆ: ಬೆಲ್ಲ, ಅಂಟು, ಒಣಕೊಬ್ಬರಿ, ಬೀಜಗಳು ಒಂದೇ ತುಂಡಿನಲ್ಲಿ ಸೇರಿವೆ. ವಿದೇಶದ ಪ್ರಯೋಗಾಲಯಗಳು ಬಹಳ ಶ್ರಮದಿಂದ ಮುಟ್ಟಿದ ಜಾಗಕ್ಕೆ ಅಮೀನಗಡ ಮತ್ತು ಗೋಕಾಕದ ಮಿಠಾಯಿಯವರು ಹಿಂದೆಯೇ ಮುಟ್ಟಿದ್ದರೆಂದರೆ ಉತ್ಪ್ರೇಕ್ಷೆಯಾಗದು.

ಬನಹಟ್ಟಿಯ ಆ ಮನೆಗೆ ನಾವು ಮತ್ತೆ ಹೋದಾಗ ಮಗ ಮುಂದಿನ ರಜೆಗೆ ಬಂದಿದ್ದ. ತಾಯಿ ಖಾಲಿ ಡಬ್ಬಿ ತೊಳೆಯುತ್ತ, ಊಟ ಹೇಗಿತ್ತೆಂದು ಕೇಳಲಿಲ್ಲ. “ಯಾವದು ಮೊದಲ ಖಾಲಿ ಆತು?” ಎಂದು ಕೇಳಿದರು. ಅಗಸಿ ಚಟ್ನಿ ಎಂದ ಮಗ. ಪಂಜಾಬಿನ ಗೆಳೆಯರು ಅದನ್ನು ಅನ್ನಕ್ಕೂ, ಪೊಟ್ಟಣದ ಪಲ್ಯಕ್ಕೂ ಕಲಸಿಕೊಂಡರಂತೆ. ಅದಿದ್ದ ದಿನ ಎಲ್ಲರೂ ಒಟ್ಟಿಗೆ ಕೂತರಂತೆ, ತಟ್ಟೆಯೂ ಖಾಲಿಯಾಯಿತಂತೆ. ಕರದಂಟು ಚಳಿಗೆ ಕಲ್ಲಾಗಿ ಹಲ್ಲಿಗೆ ಜಗ್ಗಲಿಲ್ಲವೆಂದ. ಅರ್ಧಕ್ಕರ್ಧ ರೊಟ್ಟಿ ದಾರಿಯಲ್ಲೇ ಮುರಿದಿದ್ದವು.

ಅವನು ಹೊರಡುವ ಮುನ್ನಾದಿನ ಆ ಓಣಿಯಲ್ಲಿ ಹಾಯುವಾಗ ನಾವು ಒಳಗೆ ಇಣುಕಿದೆವು. ರೊಟ್ಟಿಗಳು ಡಬ್ಬಿಯ ಅಳತೆಗೆ ಸರಿಯಾಗಿ ಅಂಗೈಯಗಲಕ್ಕೆ ಇಳಿದಿದ್ದವು. ಕರದಂಟನ್ನು ಒಂದೊಂದೇ ತುತ್ತಿನಷ್ಟು ಕತ್ತರಿಸಿ ಕಾಗದ ಸುತ್ತಿದ್ದರು. ಅಗಸಿ ಚಟ್ನಿಗೆ ಎರಡು ದೊಡ್ಡ ಡಬ್ಬಿ ಮೀಸಲಾಗಿದ್ದು, ಒಂದರ ಮುಚ್ಚಳದ ಮೇಲೆ ‘ಗೆಳ್ಯಾರಿಗೆ’ ಎಂದು ಬರೆದಿತ್ತು.