ಎಲುಬಿನ ಗಂಟು: ಹುಟ್ಟಿದ್ದು ಹೇಗೆ, ಹೆದರಬೇಕಾದ್ದು ಯಾವಾಗ?

ಚಿತ್ರದುರ್ಗ ಜಿಲ್ಲೆಯ ಬಿ.ಜಿ. ಕೆರೆಯಂಥ ಊರಿನಲ್ಲಿ ಬೆಳೆಯುವ ಹುಡುಗನ ಮಂಡಿಯ ಪಕ್ಕ ಕಲ್ಲಿನಷ್ಟು ಗಟ್ಟಿಯಾದ ಗಂಟು ಕೈಗೆ ಸಿಕ್ಕಿತೆಂದರೆ ಮನೆಯವರು ಎಣ್ಣೆ ಹಚ್ಚಿ ತಿಕ್ಕಿಸುತ್ತಾರೆ, ಇಲ್ಲವೇ ಕ್ಯಾನ್ಸರ್ ಎಂದು ಕಂಗಾಲಾಗುತ್ತಾರೆ. ತಿಕ್ಕಿದರೆ ಅದು ಕರಗದು. ಕ್ಯಾನ್ಸರ್ ಆಗಿರುವುದೂ ಅಪರೂಪ. ಇಷ್ಟು ಹೇಳಲು ವೈದ್ಯಲೋಕಕ್ಕೆ ಎರಡು ಶತಮಾನ ಹಿಡಿಯಿತು.

ಮಕ್ಕಳ ಉದ್ದ ಎಲುಬುಗಳ ತುದಿಯಲ್ಲಿ ಮೃದ್ವಸ್ಥಿಯ ತೆಳು ಪದರವಿರುತ್ತದೆ. ಅದು ಬೆಳೆದು ಎಲುಬಾಗುತ್ತ ಹೋಗುವುದರಿಂದಲೇ ಮಗು ಎತ್ತರವಾಗುತ್ತದೆ. ಪದರದ ಚೂರೊಂದು ಪಕ್ಕಕ್ಕೆ ತಿರುಗಿ ಬೆಳೆದರೆ ಎಲುಬಿನ ಮೇಲೆ ಆಸ್ಟಿಯೋಕಾಂಡ್ರೋಮಾ; ಎಲುಬಿನ ಒಳಗೇ ಮೃದ್ವಸ್ಥಿ ಬೆಳೆದರೆ ಎನ್‌ಕಾಂಡ್ರೋಮಾ.

ಲಂಡನ್ನಿನ ಶಸ್ತ್ರವೈದ್ಯ ಆಸ್ಟ್ಲಿ ಕೂಪರ್ 1818ರಲ್ಲೇ ಎಲುಬಿನ ಮೇಲಿನ ಗಂಟುಗಳನ್ನು ವಿವರಿಸಿದ್ದರು. ಒಳಗಿನದು ಕಾಣಲು 1895ರ ಎಕ್ಸ್‌ರೇ ಬರಬೇಕಾಯಿತು. ಆ ಶತಮಾನದ ಕೊನೆಗೆ ಫ್ರಾನ್ಸಿನ ಲೂಯಿ ಒಲಿಯೆ, ಹಲವು ಎನ್‌ಕಾಂಡ್ರೋಮಾಗಳು ಒಟ್ಟಿಗೆ ಕಾಣಿಸಿಕೊಳ್ಳುವ ರೋಗವನ್ನು ಗುರುತಿಸಿದರು. 1943ರಲ್ಲಿ ಲಿಚ್‌ಟೆನ್‌ಸ್ಟೈನ್ ಮತ್ತು ಜಾಫೆ ಮೃದ್ವಸ್ಥಿಯ ಕ್ಯಾನ್ಸರಾದ ಕಾಂಡ್ರೋಸಾರ್ಕೋಮಾವನ್ನು ಎಲುಬಿನ ಬೇರೆ ಕ್ಯಾನ್ಸರ್‌ಗಳಿಂದ ಬೇರ್ಪಡಿಸಿ ತೋರಿಸಿದರು.

ಕಾರಣ ಸಿಕ್ಕಿದ್ದು ಈಚೆಗೆ. ಮೈತುಂಬ ಆಸ್ಟಿಯೋಕಾಂಡ್ರೋಮಾ ಏಳುವ ಕುಟುಂಬಗಳಲ್ಲಿ ಎರಡು ವಂಶವಾಹಿಗಳ ದೋಷ 1995–96ರಲ್ಲಿ ಪತ್ತೆಯಾಯಿತು. ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಹಾಗಾಗಿ ಸಂಬಂಧದಲ್ಲಿ ಕೊಟ್ಟು ತಂದದ್ದೇ ತಪ್ಪಾಯಿತೆಂದು ತಾಯಿಯನ್ನು ದೂರುವುದು ಅನ್ಯಾಯ. ಒಲಿಯೆ ರೋಗದ ದೋಷ 2011ರಲ್ಲಿ ಗೊತ್ತಾಯಿತು. ಅದು ಗರ್ಭ ಕಟ್ಟಿದ ಮೇಲೆ ಕೆಲವು ಕೋಶಗಳಲ್ಲಷ್ಟೇ ಆಗುವ ಬದಲಾವಣೆ, ವಂಶದಿಂದ ಬರುವುದಲ್ಲ.

ಒಂದೇ ಆಸ್ಟಿಯೋಕಾಂಡ್ರೋಮಾ ಇದ್ದವರಲ್ಲಿ ಅದು ಕ್ಯಾನ್ಸರ್ ಆಗುವುದು ನೂರರಲ್ಲಿ ಒಬ್ಬರಿಗೆ, ಅಥವಾ ಅದಕ್ಕಿಂತ ಕಡಿಮೆ. ಹಲವು ಇದ್ದವರಲ್ಲಿ ನೂರಕ್ಕೆ 2ರಿಂದ 5. ಒಲಿಯೆ ರೋಗದಲ್ಲಿ ಮಾತ್ರ ಸುಮಾರು 25ರಿಂದ 40. ಬೆರಳಿನ ಗಡ್ಡೆ ಕೆಡುವುದು ತೀರ ವಿರಳ. ಸೊಂಟ, ತೊಡೆ, ಭುಜದ ಗಡ್ಡೆಗಳ ಮೇಲೆ ಹೆಚ್ಚು ಕಣ್ಣಿರಬೇಕು.

ಮೈ ಬೆಳೆಯುವುದು ನಿಂತಾಗ ಗಂಟೂ ನಿಲ್ಲಬೇಕು. ಆಮೇಲೂ ದೊಡ್ಡದಾದರೆ, ಪೆಟ್ಟಿಲ್ಲದೆ ನೋವು ಶುರುವಾದರೆ, ರಾತ್ರಿ ನಿದ್ದೆಗೆಡಿಸಿದರೆ ತಡಮಾಡಬಾರದು. ವಯಸ್ಕರಲ್ಲಿ ಗಂಟಿನ ಮೇಲಿನ ಮೃದ್ವಸ್ಥಿಯ ಹೊದಿಕೆ 2 ಸೆಂಟಿಮೀಟರ್ ದಾಟಿದೆಯೆಂದು ಎಂಆರ್‌ಐ ತೋರಿಸಿದರೆ ವೈದ್ಯರು ಸಂಶಯಪಡುತ್ತಾರೆ. ಈ ಕ್ಯಾನ್ಸರ್, ಅಂದರೆ ಕಾಂಡ್ರೋಸಾರ್ಕೋಮಾ, ಸಾಮಾನ್ಯವಾಗಿ ಕೀಮೋಗೆ, ವಿಕಿರಣಕ್ಕೆ ಅಷ್ಟಾಗಿ ಬಗ್ಗದು; ಬೇಗ ಪತ್ತೆಹಚ್ಚಿ ಪೂರ್ತಿ ಕತ್ತರಿಸಿ ತೆಗೆಯುವುದೇ ಮುಖ್ಯ ಚಿಕಿತ್ಸೆ.

ಮೊದಲ ಎಕ್ಸ್‌ರೇಗೆ ಚಿತ್ರದುರ್ಗದ ಜಿಲ್ಲಾಸ್ಪತ್ರೆ ಸಾಕು. ಸಂಶಯವಿದ್ದರೆ ಬೆಂಗಳೂರಿನಲ್ಲಿ 1973ರಿಂದ ನಡೆಯುತ್ತಿರುವ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಿದೆ. ಅಲ್ಲಿಗೆ ಹಳೆಯ ಎಕ್ಸ್‌ರೇಗಳನ್ನೂ ಒಯ್ಯಿರಿ. ಸೂಕ್ಷ್ಮದರ್ಶಕದಲ್ಲಿ ಗಡ್ಡೆಯ ಚೂರು ನೋಡಿದ ಮಾತ್ರಕ್ಕೆ ಅದು ಸಾಧು ಗಡ್ಡೆಯೋ ಆರಂಭದ ಕ್ಯಾನ್ಸರೋ ಎಂದು ಎಷ್ಟೋ ಸಲ ತಿಳಿಯದು. ಹಳೆಯ ಚಿತ್ರ, ಹೊಸ ಚಿತ್ರ ಪಕ್ಕಪಕ್ಕ ಇಟ್ಟಾಗಲೇ ವೈದ್ಯರಿಗೆ ಗಂಟಿನ ನಡತೆ ತಿಳಿಯುವುದು.